ಪೊಲೀಸರಿಗೆ ಸಂಘ ಯಾಕಿಲ್ಲ? ಕಾಯ್ದೆ ಏನು ಹೇಳ್ತದೆ, 2016ರಲ್ಲಿ ಏನಾಯ್ತು: ಇಲ್ಲಿದೆ ಮಾಹಿತಿ

ಗೋಕಾಕ: ಗೋಕಾಕ ಫಾಲ್ಸ್ ಮಿಲ್ ಕಾರ್ಮಿಕರು, ಸಂಕೇಶ್ವರದ ಸಕ್ಕರೆ ಕಾರ್ಖಾನೆ ನೌಕರರು, ಬಸ್ ಡಿಪೋದ ಚಾಲಕರು ಸಂಘ ಕಟ್ಟಬಹುದು. ಆದರೆ ರಾತ್ರಿ ಪೇಟೆಯಲ್ಲಿ ಅಂಗಡಿಗಳ ಬೀಗ ನೋಡಿಕೊಂಡು ಹೋಗುವ ಬೀಟ್ ಪೊಲೀಸರಿಗೆ ಆ ಅವಕಾಶ ಇಲ್ಲ.

ಕಾಯ್ದೆ ಏನು ಹೇಳ್ತದೆ?
ಸಂವಿಧಾನದ 33ನೇ ವಿಧಿಯಡಿ ಪೊಲೀಸ್ ಪಡೆಯವರ ಮೂಲಭೂತ ಹಕ್ಕುಗಳಿಗೆ ಸಂಸತ್ತು ಮಿತಿ ಹಾಕಬಹುದು. ಇದಕ್ಕಾಗಿ 1966ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಅನುಮತಿ ಇಲ್ಲದೆ ಕಾರ್ಮಿಕ ಸಂಘ ಸೇರುವಂತಿಲ್ಲ, ಪತ್ರಿಕೆಗಳಿಗೆ ಹೇಳಿಕೆ ಕೊಡುವಂತಿಲ್ಲ. ತಪ್ಪಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 2,000 ರೂ.ವರೆಗೆ ದಂಡ, ಅಥವಾ ಎರಡೂ.

2016ರಲ್ಲಿ ಏನಾಯ್ತು?
ಕಡಿಮೆ ಸಂಬಳ, ಸಿಗದ ವಾರದ ರಜೆ, ಮೇಲಧಿಕಾರಿಗಳ ಕಿರುಕುಳ, ಆರ್ಡರ್ಲಿ ಪದ್ಧತಿ ವಿರೋಧಿಸಿ ಅಖಿಲ ಕರ್ನಾಟಕ ಪೊಲೀಸ್ ಮಹಾಸಂಘ ಜೂನ್ 4ರಂದು ಸಾಮೂಹಿಕ ರಜೆಗೆ ಕರೆ ಕೊಟ್ಟಿತ್ತು. ಸರ್ಕಾರ ಎಸ್ಮಾ ಜಾರಿ ಮಾಡಿತು. ಮಹಾಸಂಘದ ಅಧ್ಯಕ್ಷ ವಿ. ಶಶಿಧರ್ ಅವರನ್ನು ದೇಶದ್ರೋಹದ ಆರೋಪದಡಿ ಬಂಧಿಸಲಾಯಿತು. ಮುಷ್ಕರ ನಡೆಯಲಿಲ್ಲ, ಆದರೆ ಬೇಡಿಕೆ ಸಾಯಲಿಲ್ಲ. ಹಿರಿಯ ಅಧಿಕಾರಿ ರಾಘವೇಂದ್ರ ಔರಾದ್ಕರ್ ಸಮಿತಿ ವೇತನ ಹೆಚ್ಚಳಕ್ಕೆ ಶಿಫಾರಸು ಮಾಡಿತು. ಅದರಂತೆ ಆದೇಶ ಹೊರಬಿದ್ದದ್ದು 2019ರಲ್ಲಿ.

ಬೇರೆ ರಾಜ್ಯಗಳಲ್ಲಿ?
ಹುಕ್ಕೇರಿ ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಒಮ್ಮೆ ಪೊಲೀಸ್ ಸಂಘಕ್ಕೆ ಮಾನ್ಯತೆ ಇತ್ತು. 1982ರಲ್ಲಿ ಸರ್ಕಾರ ಅದನ್ನು ರದ್ದು ಮಾಡಿದಾಗ ಮುಂಬೈನಲ್ಲಿ ಪೊಲೀಸರೇ ಬೀದಿಗಿಳಿದರು, ಗಲಭೆ ಆಯ್ತು. ಕೇರಳದಲ್ಲಿ ಸರ್ಕಾರವೇ ಒಪ್ಪಿದ ಪೊಲೀಸ್ ಅಸೋಸಿಯೇಶನ್ ಇದೆ. ಅಂದರೆ, ಅನುಮತಿ ಕೊಡುವುದಕ್ಕೆ ಕಾಯ್ದೆಯಲ್ಲೇ ದಾರಿ ಇದೆ.

ಪೇದೆಗೆ ತೊಂದರೆಯಾದರೆ ದಾರಿ ಏನು?
* ಠಾಣಾಧಿಕಾರಿ, ಸಿಪಿಐ, ಡಿವೈಎಸ್ಪಿ ಮೂಲಕ ಎಸ್ಪಿಗೆ ಲಿಖಿತ ಮನವಿ.
* ವರ್ಗಾವಣೆ, ಬಡ್ತಿ, ಶಿಸ್ತು ಕ್ರಮದ ತಕರಾರಿದ್ದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿ (ಕೆಎಟಿ). ಇದರ ಪೀಠ ಬೆಳಗಾವಿಯಲ್ಲೇ ಇದೆ. ಸಾಮಾನ್ಯವಾಗಿ ಮೊದಲು ಇಲಾಖೆಯೊಳಗೆ ಮನವಿ ಕೊಟ್ಟಿರಬೇಕು.

ತೊಡಕು ಏನಂದ್ರೆ, ಯಾರ ಮೇಲೆ ದೂರು ಇರ್ತದೋ ಅದೇ ಅಧಿಕಾರಿಯ ಮೂಲಕವೇ ಮನವಿ ಹೋಗಬೇಕಾಗಬಹುದು. ಅದಕ್ಕೇ ಎಷ್ಟೋ ಮಂದಿ ಬಾಯಿ ಬಿಡುವುದಿಲ್ಲ.

ವ್ಯಾಪಾರಸ್ಥರಿಗೆ ಇದರಿಂದ ಏನು?
ಜಾತ್ರೆ, ಗಣೇಶೋತ್ಸವ, ಚುನಾವಣೆ ಬಂದೋಬಸ್ತ್ ಮುಗಿಸಿ ನಿದ್ದೆಗೆಟ್ಟ ಸಿಬ್ಬಂದಿಯೇ ಮರುದಿನ ಸಂತೆ ದಿನದ ಟ್ರಾಫಿಕ್‌ಗೂ ನಿಲ್ಲಬೇಕು, ರಾತ್ರಿ ಬೀಟಿಗೂ ಹೋಗಬೇಕು. ಠಾಣೆಗೆ ಇನ್ನಷ್ಟು ಜನ ಕೊಡಿ ಎಂದು ಪೊಲೀಸರು ಬಹಿರಂಗವಾಗಿ ಕೇಳುವಂತಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ವ್ಯಾಪಾರಸ್ಥರು ಕೇಳಬಹುದು: ಹಬ್ಬದ ಮುಂಚಿನ ಶಾಂತಿ ಸಭೆಯಲ್ಲಿ, ಎಸ್ಪಿಗೆ ಕೊಡುವ ಮನವಿಯಲ್ಲಿ, ಶಾಸಕರ ಎದುರಿಗೆ. ಅದಕ್ಕೆ ಯಾವ ಕಾಯ್ದೆಯೂ ಅಡ್ಡಿ ಇಲ್ಲ.