ಕಳ್ಳ ಟೀವಿ ಎಲ್ಲಿ ಹೋಯಿತು?

ಅಮೆರಿಕದಲ್ಲಿ ಆಕಾಶವಾಣಿ ಅಲೆಗಳನ್ನು ಕಾಯುವ ಸಂಸ್ಥೆ ಎಫ್‌ಸಿಸಿ. ಅದರ ದಂಡದ ಕಡತಗಳನ್ನು ಯಾರು ಬೇಕಾದರೂ ತೆರೆದು ಓದಬಹುದು. ಪರವಾನಗಿಯಿಲ್ಲದೆ ರೇಡಿಯೊ ನಡೆಸಿದವರಿಗೆ ಹೋದ ನೋಟಿಸುಗಳು ಅಲ್ಲಿ ರಾಶಿ ಬಿದ್ದಿವೆ. ನಾನು ಹುಡುಕುತ್ತಿದ್ದದ್ದು ಟೀವಿ ಕಳ್ಳರನ್ನು. 2009ರ ಜೂನ್ 12ರಂದು ಅಲ್ಲಿನ ದೊಡ್ಡ ಕೇಂದ್ರಗಳೆಲ್ಲ ಅನಲಾಗ್ ಬಿಟ್ಟು ಡಿಜಿಟಲ್‌ಗೆ ಹೋದವು. ಹಳೆಯ ಸೆಟ್ಟುಗಳು ಮನೆಯಲ್ಲೇ ಉಳಿದವು, ಚಿತ್ರವನ್ನು ಟೀವಿ ಅಲೆಯಾಗಿಸುವ ಮಾಡ್ಯುಲೇಟರ್‌ಗಳು ಗುಜರಿಗೆ ಬಂದವು, ಎಷ್ಟೋ ಚಾನೆಲ್‌ಗಳು ಖಾಲಿ ಬಿದ್ದವು. ಹವ್ಯಾಸಿಗಳಿಗೆ ಇದಕ್ಕಿಂತ ಸುಗ್ಗಿ ಬೇಕೆ?

ಸಿಕ್ಕ ದೊಡ್ಡ ಮೀನು ಕೆಂಟಕಿ ರಾಜ್ಯದ ಮೋರ್‌ಹೆಡ್ ಎಂಬ ಊರಿನದು. ಹತ್ತನೇ ಚಾನೆಲ್, ಹೆಸರು ಡಬ್ಲ್ಯು10ಬಿಎಂ. 2018ರಲ್ಲಿ ಎಫ್‌ಸಿಸಿ ಅದರ ಮೇಲೆ 1,44,344 ಡಾಲರ್ ದಂಡ ಪ್ರಸ್ತಾಪಿಸಿತು. ಓದುತ್ತಾ ಹೋದಂತೆ ನನ್ನ ಉತ್ಸಾಹ ಇಳಿಯಿತು. ಈ ಕೇಂದ್ರಕ್ಕೆ ಒಂದು ಕಾಲದಲ್ಲಿ ಪರವಾನಗಿ ಇತ್ತು. 1998ರಲ್ಲಿ ಅವಧಿ ಮುಗಿದ ಮೇಲೂ ಪ್ರಸಾರ ಸುಮಾರು ಎರಡು ದಶಕ ಹಾಗೇ ನಡೆದಿತ್ತು. ಗೇಣಿ ಮುಗಿದರೂ ಉಳುಮೆ ಬಿಡದವರ ಕಥೆ ಇದು. ತಾನಾಗಿ ಟವರ್ ಕಟ್ಟಿ, ನೆರೆಯವರಿಗೆ ತನ್ನ ಕಾರ್ಯಕ್ರಮ ತೋರಿಸುವ ಹುಚ್ಚು ಇಲ್ಲಿಲ್ಲ.

ಆ ಹುಚ್ಚು ಬೇಕೆಂದರೆ ಹಿಂದಕ್ಕೆ ಹೋಗಬೇಕು. 1972ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಲೇನ್ಸ್‌ವಿಲ್ ಹಳ್ಳಿಯಲ್ಲಿ ವಿಡಿಯೊಫ್ರೀಕ್ಸ್ ಎಂಬ ಗುಂಪು ಮೂರನೇ ಚಾನೆಲ್‌ನಲ್ಲಿ ಟೀವಿ ಶುರುಮಾಡಿ 1977ರ ತನಕ ನಡೆಸಿತು. ಟ್ರಾನ್ಸ್‌ಮಿಟರ್ ಹಣದ ಹಿಂದೆ ಇದ್ದದ್ದು ಬಂಡಾಯಗಾರ ಆಬಿ ಹಾಫ್‌ಮನ್. ತೆರೆಯ ಮೇಲೆ ಫೋನ್ ನಂಬರ್ ಕೊಟ್ಟು, ಚಿತ್ರ ಸರಿಯಾಗಿ ಬರುತ್ತಿದೆಯೇ ಎಂದು ಹಳ್ಳಿಯವರನ್ನೇ ಕೇಳುತ್ತಿದ್ದರು! 1978ರ ಏಪ್ರಿಲ್‌ನಲ್ಲಿ ಅದೇ ರಾಜ್ಯದ ಸಿರಕ್ಯೂಸ್‌ನ ಏಳನೇ ಚಾನೆಲ್‌ನಲ್ಲಿ ‘ಲಕ್ಕಿ ಸೆವೆನ್’ ಎಂಬುದು ಒಂದು ವಾರಾಂತ್ಯ ದಿಢೀರನೆ ಕಾಣಿಸಿಕೊಂಡು ‘ರಾಕಿ’ ಸಿನಿಮಾ ತೋರಿಸಿತು. ನಿರೂಪಕ ಗ್ಯಾಸ್ ಮಾಸ್ಕ್ ಹಾಕಿಕೊಂಡು ಕೂತಿದ್ದ.

ಹಾಗಾದರೆ 2009ರ ನಂತರ ಏಕೆ ಇಂಥವು ಇಲ್ಲ? ಕಾನೂನು ಬಿಗಿಯಾಯಿತೇ ಎಂದು ಪುಸ್ತಕ ತೆರೆದೆ. ಎಫ್‌ಎಂ ಪಟ್ಟಿಯಲ್ಲಿ ಮನೆಯಂಗಳ ದಾಟದಷ್ಟು ದುರ್ಬಲ ಪ್ರಸಾರಕ್ಕೆ ಅಲ್ಲಿ ಪರವಾನಗಿಯೇ ಬೇಡ. ಟೀವಿ ಪಟ್ಟಿಗಳಲ್ಲಿ ಆ ಸಾಮಾನ್ಯ ವಿನಾಯಿತಿ ಇಲ್ಲ. ಆದರೆ ಇದು ಹಳೆಯ ನಿಯಮ. ಹೊಸದು 2020ರ ಪೈರೇಟ್ ಕಾಯ್ದೆ: ಜಾರಿಗೆ ಬಂದಾಗ ದಿನಕ್ಕೆ 1,00,000 ಡಾಲರ್ ತನಕ, ಒಟ್ಟು 20 ಲಕ್ಷ ಡಾಲರ್ ತನಕ ದಂಡ. ಅದರ ವ್ಯಾಖ್ಯೆಯನ್ನು ಓದಿ ನಕ್ಕೆ. ಮೀಡಿಯಂ ವೇವ್ ಪಟ್ಟಿ ಬಿಟ್ಟರೆ ಅದು ಹಿಡಿಯುವುದು 87.7ರಿಂದ 108 ಮೆಗಾಹರ್ಟ್ಸ್ ನಡುವಿನವರನ್ನು ಮಾತ್ರ. ಅನಲಾಗ್ ಆರನೇ ಚಾನೆಲ್‌ನ ಧ್ವನಿ ಇರುವುದು 87.75ರಲ್ಲಿ, ಚಿತ್ರ ಇರುವುದು 83.25ರಲ್ಲಿ. ಎಂದರೆ ಆ ಚಾನೆಲ್‌ನ ಕಳ್ಳ ಟೀವಿಯ ಮಾತು ಈ ಕಾಯ್ದೆಗೆ ಸಿಕ್ಕಿಬೀಳುತ್ತದೆ, ಮುಖ ಸಿಕ್ಕುವುದಿಲ್ಲ. ಸಂಸತ್ತು ಟೀವಿ ಕಳ್ಳರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಉತ್ತರ ಕಾನೂನಿನಲ್ಲಿಲ್ಲ, ಸೆಟ್ಟಿನಲ್ಲಿದೆ. ಅನಲಾಗ್ ಕಾಲದಲ್ಲಿ ಗುಂಡಿ ತಿರುಗಿಸುವಾಗ ಮಸುಕು ಚಿತ್ರವಾದರೂ ಕಣ್ಣಿಗೆ ಬೀಳುತ್ತಿತ್ತು. ವಿಸಿಆರ್ ಒಳಗಿನ ಪುಟ್ಟ ಮಾಡ್ಯುಲೇಟರ್ ಕೂಡ ಮೂರನೇ ಚಾನೆಲ್‌ನ ಚಿತ್ರ ಹುಟ್ಟಿಸುತ್ತಿತ್ತು. ಈಗಲೂ ಅದು ಕಷ್ಟವಲ್ಲ. ಕೆಲವು ನೂರು ರೂಪಾಯಿಯ ಇಎಸ್‌ಪಿ8266 ಚಿಪ್‌ಗೆ ತುಂಡು ತಂತಿ ಸಿಕ್ಕಿಸಿ, ಅದೇ ಕೋಣೆಯ ಹಳೆಯ ಟೀವಿಗೆ ಚಿತ್ರ ಕಳಿಸಿದ ಪ್ರಯೋಗ 2016ರಲ್ಲೇ ಆಗಿದೆ. ಆದರೆ ನೋಡುವವರು ಡಿಜಿಟಲ್‌ಗೆ ಹೋಗಿಯಾಗಿದೆ. ಅಲ್ಲಿ ಚಿತ್ರವನ್ನು ಎಂಪೆಗ್‌ಗೆ ಕುಗ್ಗಿಸಬೇಕು, ಚಾನೆಲ್ ಯಾವುದೆಂದು ಸೆಟ್ಟಿಗೆ ಹೇಳುವ ಕೋಷ್ಟಕ ಸೇರಿಸಬೇಕು. ಇಷ್ಟೆಲ್ಲ ಮಾಡಿದರೂ ನೆರೆಯವರು ರಿಮೋಟ್ ಹಿಡಿದು ಮತ್ತೆ ಸ್ಕ್ಯಾನ್ ಮಾಡದಿದ್ದರೆ ಬಹುತೇಕ ಸೆಟ್ಟುಗಳಿಗೆ ಆ ಚಾನೆಲ್ ಇದೆಯೆಂದೇ ಗೊತ್ತಾಗದು. ಸಿಗ್ನಲ್ ಸ್ವಲ್ಪ ಸೊರಗಿದರೂ ಮಸುಕು ಚಿತ್ರ ಇಲ್ಲ, ತೆರೆಯೇ ಖಾಲಿ. ಆಕಸ್ಮಿಕವಾಗಿ ಸಿಗುವ ಪ್ರೇಕ್ಷಕನೇ ಇಲ್ಲವಾದ ಮೇಲೆ ಕದ್ದು ಪ್ರಸಾರ ಮಾಡುವುದು ಯಾರಿಗಾಗಿ?

ನಮ್ಮಲ್ಲಿ ಈ ಚಟ ಗಾಳಿಗೇರುವ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಊರ ಜಾತ್ರೆಗೂ ಬಾಡಿಗೆ ಸಿನಿಮಾಗೂ ಕೇಬಲ್‌ನವನ ವಿಡಿಯೊ ಚಾನೆಲ್ ಇತ್ತು. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಸಮುದಾಯ ರೇಡಿಯೊ ಕೂಡ ಪರವಾನಗಿ ಸಿಗದ ಕಾಲದಲ್ಲಿ ಕೇಬಲ್ ತಂತಿ ಹಿಡಿದೇ ಮನೆಗಳಿಗೆ ಹೋಗಿತ್ತು.

ಅಮೆರಿಕದಲ್ಲಿ ಉಳಿದಿರುವ ದಾರಿ ಹ್ಯಾಮ್‌ಗಳದು, ಎಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊದವರದು. ಅವರಿಗೆ 420ರಿಂದ 450 ಮೆಗಾಹರ್ಟ್ಸ್‌ನಲ್ಲಿ ಟೀವಿ ಕಳಿಸುವ ಹಕ್ಕಿದೆ, ಮತ್ತೊಬ್ಬ ಹ್ಯಾಮ್‌ಗೆ. ಸಾರ್ವಜನಿಕ ಪ್ರಸಾರ ನಿಷಿದ್ಧ. ಆದರೂ ಹಳೆಯ ಸೆಟ್ಟನ್ನು ಕೇಬಲ್ ಮೋಡ್‌ಗೆ ಹಾಕಿ ಆಂಟೆನಾ ಚುಚ್ಚಿದರೆ 57ರಿಂದ 60ನೇ ಚಾನೆಲ್‌ಗಳ ನಡುವೆ ಅವರ ಅನಲಾಗ್ ಚಿತ್ರ ಯಾರಿಗಾದರೂ ಕಾಣುತ್ತದೆ. ನೋಡುವುದಕ್ಕೆ ಪರವಾನಗಿ ಬೇಕಿಲ್ಲ.