ಒಡವೆಯ ಛಾಯಾಚಿತ್ರವೂ ಇತಿಹಾಸದ ಸಾಕ್ಷ್ಯವೂ: ತುತಾಂಖಾಮನ್ ಸಮಾಧಿಯ ನಿದರ್ಶನ

ಒಡವೆಯ ಛಾಯಾಚಿತ್ರವನ್ನು ತೆಗೆಯುವುದು ಸುಲಭಸಾಧ್ಯವಾದ ಕಾರ್ಯವಲ್ಲ. ಒಪ್ಪವಿಟ್ಟ ಚಿನ್ನ ಕನ್ನಡಿಯಂತೆ ಸುತ್ತಲಿನ ವಸ್ತುಗಳನ್ನೆಲ್ಲ ಪ್ರತಿಬಿಂಬಿಸುತ್ತದೆ. ಒಂದೇ ದಿಕ್ಕಿನಿಂದ ತೀಕ್ಷ್ಣವಾದ ಬೆಳಕು ಬಿದ್ದರೆ ಉಬ್ಬಿದ ಭಾಗಗಳು ಬರಿಯ ಬಿಳುಪಾಗಿ, ತಗ್ಗುಗಳು ಬರಿಯ ಕಪ್ಪಾಗಿ, ನಡುವಣ ಕೆತ್ತನೆ ಮರೆಯಾಗುತ್ತದೆ. ಆದುದರಿಂದ ಒಡವೆಯ ಉತ್ತಮ ಚಿತ್ರವೆಂದರೆ ಯಾವುದು ಎಂಬ ಪ್ರಶ್ನೆ ಏಳುತ್ತದೆ. ವರ್ತಕನಿಗೆ ಬೇಕಾದುದು ಹೊಳಪು. ಇತಿಹಾಸಕಾರನಿಗೆ ಬೇಕಾದುದು ಆ ಒಡವೆ ಎಲ್ಲಿತ್ತು, ಯಾವುದರ ಜೊತೆಗಿತ್ತು, ಹೇಗೆ ಕಟ್ಟಲ್ಪಟ್ಟಿತ್ತು ಎಂಬ ತಿಳಿವಳಿಕೆ. ಈ ಭೇದವನ್ನು ತುತಾಂಖಾಮನ್ ಸಮಾಧಿಯ ಶೋಧನಕಾರ್ಯ ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಕ್ರಿ. ಪೂ. 14ನೆಯ ಶತಮಾನದ ಈ ಈಜಿಪ್ಟಿನ ಅರಸನ ಸಮಾಧಿಯನ್ನು ಹವರ್ಡ್ ಕಾರ್ಟರ್ ಅವರು 1922ರ ನವೆಂಬರಿನಲ್ಲಿ ರಾಜರ ಕಣಿವೆಯಲ್ಲಿ ಕಂಡುಹಿಡಿದರು. ಅಲ್ಲಿಯ ವಸ್ತುಗಳನ್ನು ಚಿತ್ರಿಸುವ ಹೊಣೆ ಹ್ಯಾರಿ ಬರ್ಟನ್ ಅವರದಾಯಿತು. ಅವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಈಜಿಪ್ಟ್ ತಂಡಕ್ಕೆ ಸೇರಿದವರು. ಸಮೀಪದ ಬರಿದಾದ ಒಂದು ಸಮಾಧಿಯೇ ಅವರ ಕತ್ತಲೆಕೋಣೆ. ಎರಡನೆಯ ಸೇಟಿಯ ಸಮಾಧಿಯೇ ವಸ್ತುರಕ್ಷಣೆಯ ಪ್ರಯೋಗಶಾಲೆ.

ಬೆಳಕಿನ ವಿಷಯದಲ್ಲಿ ತಂಡದವರು ಬಹು ಎಚ್ಚರಿಕೆ ವಹಿಸಿದರು. ವಸ್ತುಗಳಿಂದ ಕಿಕ್ಕಿರಿದ ಕೋಣೆಯಲ್ಲಿ ಮಿಂಚುಬೆಳಕಿನ ಪುಡಿಯನ್ನು ಉರಿಸುವುದು ಅಪಾಯಕರವಾಗಿತ್ತು. ಅದರ ಬದಲು ಅತ್ತಿತ್ತ ಸರಿಸಬಹುದಾದ ಎರಡು ಪ್ರಬಲ ವಿದ್ಯುದ್ದೀಪಗಳನ್ನು ಬಳಸಿದರು. ಗಾಜಿನ ಫಲಕವನ್ನು ಹೆಚ್ಚು ಹೊತ್ತು ಬೆಳಕಿಗೆ ಒಡ್ಡಬೇಕಾಗುತ್ತಿತ್ತು. ಆದರೆ ಬೆಳಕು ಎಲ್ಲೆಡೆಯೂ ಸಮನಾಗಿ ಹರಡುತ್ತಿತ್ತು. ಒಡವೆಯ ಕೆತ್ತನೆಯೂ ಹರಳಿನ ಕಟ್ಟಡವೂ ಸ್ಫುಟವಾಗಿ ಮೂಡಲು ಇಂದಿಗೂ ಬೇಕಾದುದು ಈ ಹರಡಿದ ಬೆಳಕು ಮತ್ತು ತಾಳ್ಮೆಯೇ.

ಬೆಳಕಿಗಿಂತಲೂ ಮಹತ್ತ್ವದ್ದು ಅವರು ಅನುಸರಿಸಿದ ಕ್ರಮ. ಯಾವ ವಸ್ತುವನ್ನೂ ಚಿತ್ರ ತೆಗೆಯುವ ಮುನ್ನ ಕದಲಿಸುತ್ತಿರಲಿಲ್ಲ. ಮೊದಲು ಕೋಣೆಯ ಸಮಗ್ರ ನೋಟ. ಬಳಿಕ ಪ್ರತಿಯೊಂದು ವಸ್ತುವಿನ ಬಳಿ ಸಂಖ್ಯೆಯ ಚೀಟಿಯನ್ನಿಟ್ಟು ಮತ್ತೊಂದು ಚಿತ್ರ. ಕೊನೆಗೆ ಪ್ರಯೋಗಶಾಲೆಯಲ್ಲಿ ಬಿಡಿಬಿಡಿಯಾದ ಚಿತ್ರಗಳು. ಇದರ ಫಲವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹೊರಕೋಣೆಯ ಒಂದು ಪೆಟ್ಟಿಗೆಯಲ್ಲಿ ಬಟ್ಟೆಯ ತುಂಡಿನಲ್ಲಿ ಸುತ್ತಿ ಗಂಟುಹಾಕಿದ್ದ ಎಂಟು ಚಿನ್ನದ ಉಂಗುರಗಳು ದೊರೆತವು. ಪ್ರಾಚೀನ ಕಾಲದಲ್ಲಿಯೇ ಸಮಾಧಿಗೆ ನುಗ್ಗಿದ್ದ ಕಳ್ಳರು ಕಟ್ಟಿದ ಗಂಟು ಅದು. ಅವರಿಂದ ಉಳಿದುಹೋದುದನ್ನು ಅಂದಿನ ಅಧಿಕಾರಿಗಳು ಹಾಗೆಯೇ ಪೆಟ್ಟಿಗೆಗೆ ಹಾಕಿದರೆಂದು ಕಾರ್ಟರ್ ಅವರು ಊಹಿಸಿದರು. ಉಂಗುರಗಳನ್ನು ಬಿಡಿಸಿ, ಒರಸಿ, ಸಾಲಾಗಿ ಜೋಡಿಸಿ ಚಿತ್ರಿಸಿದ್ದರೆ ಅಂದವಾದ ಎಂಟು ಉಂಗುರಗಳು ಮಾತ್ರ ಕಾಣುತ್ತಿದ್ದವು. ಕಳವಿನ ಕಥೆ ಅಡಗಿದ್ದುದು ಆ ಮುದುರಿದ ಬಟ್ಟೆಯಲ್ಲಿ.

ಮಣಿಸರಗಳದು ಇನ್ನೊಂದು ತೊಡಕು. ದಾರವು ಜೀರ್ಣವಾಗಿದ್ದುದರಿಂದ ಮುಟ್ಟಿದೊಡನೆ ಮಣಿಗಳು ಉದುರಿ ಚೆಲ್ಲಾಪಿಲ್ಲಿಯಾಗುವ ಸಂಭವವಿತ್ತು. ಆರ್ಥರ್ ಮೇಸ್ ಮತ್ತು ಆಲ್ಫ್ರೆಡ್ ಲ್ಯೂಕಾಸ್ ಅವರು ಕರಗಿಸಿದ ಮೇಣದಿಂದ ಅಂಥವನ್ನು ಭದ್ರಪಡಿಸುತ್ತಿದ್ದರು. ಮತ್ತೆ ಪೋಣಿಸುವಾಗ ಮೂಲದ ಅನುಕ್ರಮಕ್ಕೆ ಚಿತ್ರಗಳೂ ಟಿಪ್ಪಣಿಗಳೂ ಆಧಾರವಾಗುತ್ತಿದ್ದವು. ಕಪ್ಪುಬಿಳುಪಿನ ಫಲಕ ಮಣಿಯ ಆಕಾರವನ್ನೂ ಸ್ಥಾನವನ್ನೂ ಕೊಡಬಲ್ಲುದೇ ಹೊರತು ಬಣ್ಣವನ್ನು ಕೊಡಲಾರದು. ಆದಕಾರಣ ಬಣ್ಣ, ಅಳತೆ, ವಸ್ತುವಿಶೇಷಗಳನ್ನು ಚೀಟಿಗಳಲ್ಲಿ ಬರೆದಿಡಲಾಯಿತು. ಚಿತ್ರಕ್ಕೆ ಬರಹ ಬೇಕು, ಬರಹಕ್ಕೆ ಚಿತ್ರ ಬೇಕು.

ಈ ಶ್ರಮದ ನಿಜವಾದ ಬೆಲೆ ತಿಳಿದುಬಂದುದು ಬಹುಕಾಲದ ಮೇಲೆ. 1925ರ ನವೆಂಬರಿನಲ್ಲಿ ಅರಸನ ಮಮ್ಮಿಯ ಸುತ್ತುಬಟ್ಟೆಗಳನ್ನು ಬಿಡಿಸಲು ಆರಂಭಿಸಿದಾಗ, ಕಾರ್ಟರ್ ಅವರ ಎಣಿಕೆಯಂತೆ, 143 ವಸ್ತುಗಳು ದೊರೆತವು. ಬೋಳಿಸಿದ ತಲೆಯ ಮೇಲೆ ನಯವಾದ ನಾರುಬಟ್ಟೆಯ ಟೋಪಿಯೊಂದಿತ್ತು. ಅದರ ಮೇಲೆ ಚಿನ್ನದ ಹಾಗೂ ಬಣ್ಣದ ಸಣ್ಣ ಮಣಿಗಳಿಂದ ನಾಲ್ಕು ನಾಗಗಳನ್ನು ಕಸೂತಿ ಮಾಡಲಾಗಿತ್ತು. ಅವುಗಳಲ್ಲಿ ಆಟೆನ್ ದೇವತೆಯ ನಾಮಮುದ್ರೆಯಿತ್ತು. ತೆಗೆದರೆ ಹಾಳಾಗುವುದೆಂದು ಅದನ್ನು ತಲೆಯ ಮೇಲೆಯೇ ಬಿಟ್ಟರು. ಎದೆಯ ಮೇಲಣ ಒಂದು ಮಣಿಹೊದಿಕೆಯನ್ನೂ ಹಾಗೆಯೇ ಬಿಡಲಾಯಿತು. 1968ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಹ್ಯಾರಿಸನ್ ಅವರ ತಂಡ ಕ್ಷಕಿರಣಗಳಿಂದ ಮಮ್ಮಿಯನ್ನು ಪರೀಕ್ಷಿಸಿದಾಗ ಇವೆರಡೂ ಅಲ್ಲಿರಲಿಲ್ಲ. ಆಮನ್ ಆರಾಧನೆಯನ್ನು ಪುನಃ ಸ್ಥಾಪಿಸಿದನೆಂದು ಪ್ರಸಿದ್ಧನಾದ ಅರಸ ಆಟೆನ್ನನ ಹೆಸರನ್ನು ತಲೆಯ ಮೇಲೆ ಧರಿಸಿಯೇ ಸಮಾಧಿಗೆ ಸೇರಿದನೆಂಬುದು ಅಂದಿನ ಮತಪರಿವರ್ತನೆಯನ್ನು ಅರಿಯಲು ಅತ್ಯಂತ ಮುಖ್ಯವಾದ ಸಂಗತಿ. ಇದಕ್ಕೆ ಈಗ ನಮಗಿರುವ ಆಧಾರ ಬರ್ಟನ್ ಅವರ ಚಿತ್ರ ಮತ್ತು ಕಾರ್ಟರ್ ಅವರ ಟಿಪ್ಪಣಿ.

ಆದರೂ ಛಾಯಾಚಿತ್ರವನ್ನು ಕಣ್ಣುಮುಚ್ಚಿ ನಂಬಲಾಗದು. ಅಂಟುದ್ರವ್ಯದಿಂದ ಪೆಟ್ಟಿಗೆಗೆ ಕಚ್ಚಿಕೊಂಡಿದ್ದ ದೇಹದಿಂದ ಒಡವೆಗಳನ್ನು ಬಿಡಿಸುವಾಗ ದೇಹ ತುಂಡುತುಂಡಾಯಿತು. ಅವಯವಗಳನ್ನು ಮರಳಿನ ತಟ್ಟೆಯ ಮೇಲೆ ಜೋಡಿಸಿ ತೆಗೆದ ಚಿತ್ರದಲ್ಲಿ ಅದು ಅಖಂಡವೆಂಬಂತೆ ಕಾಣುತ್ತದೆ. ನಿಜಸ್ಥಿತಿಯನ್ನು ಬೆಳಕಿಗೆ ತಂದುದು 1968ರ ಪರೀಕ್ಷೆ. ಫಲಕ ತನ್ನ ಮುಂದಿದ್ದುದನ್ನೇ ಹಿಡಿಯಿತು. ಆದರೆ ಮುಂದಿಟ್ಟುದು ಮನುಷ್ಯರ ಜೋಡಣೆ. ಯಾವುದೇ ಚಿತ್ರವನ್ನು ಸಾಕ್ಷ್ಯವಾಗಿ ಸ್ವೀಕರಿಸುವ ಮುನ್ನ ಅದನ್ನು ಯಾವ ಹಂತದಲ್ಲಿ, ಯಾವ ಉದ್ದೇಶದಿಂದ ತೆಗೆಯಲಾಯಿತೆಂದು ವಿಚಾರಿಸುವುದು ಅವಶ್ಯಕ.

ನಮ್ಮ ದೇವಾಲಯಗಳ ಮತ್ತು ಮನೆತನಗಳ ಒಡವೆಗಳನ್ನು ದಾಖಲಿಸಹೊರಡುವ ವಿದ್ಯಾರ್ಥಿಗಳು ಇದರಿಂದ ಕಲಿಯಬೇಕಾದುದುಂಟು. ತೊಳೆದು ಒಪ್ಪವಿಡುವ ಮುನ್ನ, ಇದ್ದಲ್ಲಿಯೇ ಒಂದು ಚಿತ್ರ ತೆಗೆಯಬೇಕು. ಪಕ್ಕದಲ್ಲಿ ಅಳತೆಪಟ್ಟಿಯೂ ಸಂಖ್ಯೆಯೂ ಇರಬೇಕು. ಮುಂಭಾಗದಂತೆಯೇ ಹಿಂಭಾಗವನ್ನೂ, ಕೊಂಡಿಯನ್ನೂ, ಬೆಸುಗೆಯನ್ನೂ ತೋರಿಸಬೇಕು; ಕುಶಲಿಯ ಕೈಚಳಕವೂ ನಂತರದ ದುರಸ್ತಿಯೂ ಗೋಚರಿಸುವುದು ಅಲ್ಲಿಯೇ. ಬೆಳಕು ಸಮನಾಗಿರಬೇಕು. ದಿನಾಂಕ ಮತ್ತು ವಿವರಣೆ ಚಿತ್ರದೊಡನೆಯೇ ಉಳಿಯಬೇಕು. ಒಡವೆ ಕರಗಿ ಬೇರೆ ರೂಪ ತಾಳಬಹುದು, ಕಳುವಾಗಬಹುದು, ಪುಡಿಯಾಗಬಹುದು. ಅಂದು ಉಳಿಯುವುದು ಇಂಥ ಚಿತ್ರವೊಂದೇ ಆಗಿರಬಹುದು.