ಬೀಜಗಣಿತ, ಕಾಂಬಿನೇಟರಿಕ್ಸ್ ಮತ್ತು ಮಹಾವೀರಾಚಾರ್ಯನ ಸೂತ್ರ: ಒಂದು ಟಿಪ್ಪಣಿ

1. ವ್ಯಾಪ್ತಿ

ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿರುವ ಐಸಿಟಿಎಸ್ ಸಂಸ್ಥೆಯಲ್ಲಿ ಬೀಜಗಣಿತ ಹಾಗೂ ಕಾಂಬಿನೇಟರಿಕ್ಸ್ ಸಂಶೋಧಕರು ಒಟ್ಟಿಗೆ ಕಲೆತ ಕಾರ್ಯಕ್ರಮಗಳಲ್ಲಿ ಎರಡನ್ನು ಇಲ್ಲಿ ಪರಿಗಣಿಸಿದೆ. ಒಂದು, ಕಾಂಬಿನೇಟೋರಿಯಲ್ ಆಲ್ಜೀಬ್ರಾಯಿಕ್ ಜ್ಯಾಮಿತಿ ಕುರಿತದ್ದು (27 ಜೂನ್–8 ಜುಲೈ 2022). ಇನ್ನೊಂದು, ರೆಪ್ರೆಸೆಂಟೇಷನ್ ಸಿದ್ಧಾಂತದಲ್ಲಿ ಈ ಎರಡೂ ಶಾಖೆಗಳ ವಿಧಾನಗಳನ್ನು ಕುರಿತದ್ದು (13–24 ನವೆಂಬರ್ 2023). ಇಂಥ ಕೂಟಗಳಿಗೆ ಕನ್ನಡ ನೆಲದ ಪೂರ್ವಸೂರಿಯಾಗಿ ಗಣಿತಸಾರಸಂಗ್ರಹದ ಕರ್ತೃ ಮಹಾವೀರಾಚಾರ್ಯನನ್ನು ಹೆಸರಿಸಬಹುದೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

2. ಪಠ್ಯ

ವಿಕಲ್ಪಗಳ, ಅಂದರೆ ಕೆಲವು ವಸ್ತುಗಳಿಂದ ಬೇಕಾದಷ್ಟನ್ನು ಆರಿಸುವ ವಿಧಗಳ, ಸೂತ್ರವಿರುವುದು ಗಣಿತಸಾರಸಂಗ್ರಹದ ಆರನೆಯ ಅಧ್ಯಾಯದಲ್ಲಿ. ರಂಗಾಚಾರ್ಯರ ಆವೃತ್ತಿಯ (ಮದರಾಸು, 1912) ಎಣಿಕೆಯಂತೆ 218ನೇ ಶ್ಲೋಕ. ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಸೂತ್ರ ಹೀಗಿದೆ: ಒಂದರಿಂದ ಏರುವ ಸಂಖ್ಯೆಗಳ ಒಂದು ಸಾಲು, ವಸ್ತುಗಳ ಒಟ್ಟು ಸಂಖ್ಯೆಯಿಂದ ಇಳಿಯುವ ಸಂಖ್ಯೆಗಳ ಇನ್ನೊಂದು ಸಾಲು. ಬೇಕಾದಷ್ಟು ಪದಗಳ ಗುಣಲಬ್ಧವನ್ನು ಎರಡನೆಯದರಿಂದ ತೆಗೆದುಕೊಂಡು, ಮೊದಲನೆಯದರ ಅಷ್ಟೇ ಪದಗಳ ಗುಣಲಬ್ಧದಿಂದ ಭಾಗಿಸಬೇಕು. ಉದಾಹರಣೆ ಆರು ರಸಗಳದು (ರುಚಿಗಳದು). ಒಂದರಿಂದ ಆರರವರೆಗೆ ರಸಗಳನ್ನು ಆರಿಸುವ ವಿಧಗಳು ಸೂತ್ರದಂತೆ ಕ್ರಮವಾಗಿ 6, 15, 20, 15, 6, 1, ಒಟ್ಟು 63. ಉದಾಹರಣೆಯ ಪದ್ಯ ಪ್ರಶ್ನೆಯನ್ನು ಮಾತ್ರ ಕೇಳುತ್ತದೆ, ಈ ಅಂಕಿಗಳನ್ನು ಕೊಡುವುದಿಲ್ಲ. ರಸಭೇದ 63 ಎಂಬ ಎಣಿಕೆ ಚರಕ, ಸುಶ್ರುತ ಸಂಹಿತೆಗಳೆರಡರಲ್ಲೂ ಇದೆ. ಆದ್ದರಿಂದ ಫಲಿತಾಂಶವಲ್ಲ, ಸಾಮಾನ್ಯ ವಿಧಾನವೇ ಇಲ್ಲಿ ಗಮನಾರ್ಹ.

3. ಕಾಲದ ತೊಡಕು

ಮಹಾವೀರನಿಗೆ ಸಾಮಾನ್ಯವಾಗಿ ಹೇಳುವ ಸುಮಾರು 850 ಎಂಬ ಕಾಲ ಪರೋಕ್ಷ ಅನುಮಾನ. ಗ್ರಂಥಾರಂಭದ ಅಮೋಘವರ್ಷ ನೃಪತುಂಗನ ಸ್ತುತಿಯೇ ಅದರ ಆಧಾರ. ಆ ಅರಸನ ಆಳ್ವಿಕೆ ಸುಮಾರು 814ರಿಂದ 878. ಮೇಲಿನ ಸೂತ್ರದ ವಿಧಾನ ಶ್ರೀಧರನ ಪಾಟೀಗಣಿತದಲ್ಲೂ ಇದೆ. ಶ್ರೀಧರನನ್ನು ಸುಮಾರು 750ಕ್ಕೆ ಇಡುವ ಪಕ್ಷವಿದೆ; ಪಾಟೀಗಣಿತವನ್ನು ಸಂಪಾದಿಸಿದ ಕೆ. ಎಸ್. ಶುಕ್ಲ ಅವನು ಮಹಾವೀರನ ನಂತರದವನೆನ್ನುತ್ತಾರೆ. ವರಾಹಮಿಹಿರನ ಬೃಹತ್ಸಂಹಿತೆಯಂತೂ ಇಬ್ಬರಿಗೂ ಹಿಂದಿನದು: ಹದಿನಾರು ಗಂಧದ್ರವ್ಯಗಳಲ್ಲಿ ನಾಲ್ಕನ್ನು ಆರಿಸುವ ವಿಧಗಳು 1820 ಎಂದು ಅಲ್ಲಿದೆ. ಹಾಗಾಗಿ ಎಣಿಕೆಗಲ್ಲ, ಈ ಸಾಮಾನ್ಯ ಸೂತ್ರಕ್ಕೆ ಮಾತ್ರ ಮಹಾವೀರನನ್ನು ‘ಮೊದಲಿಗ’ ಎನ್ನುವ ಹೇಳಿಕೆಯನ್ನೂ ಸದ್ಯಕ್ಕೆ ಶ್ರೀಧರನ ಕಾಲನಿರ್ಣಯಕ್ಕೆ ಒಳಪಟ್ಟದ್ದೆಂದೇ ಓದಬೇಕು.

4. ನಂಟಿನ ಸ್ವರೂಪ

2023ರ ಕಾರ್ಯಕ್ರಮದ ಶೀರ್ಷಿಕೆ ಬೀಜಗಣಿತ ಮತ್ತು ಕಾಂಬಿನೇಟರಿಕ್ಸ್ ನಡುವೆ ಸೂಚಿಸುವ ಸಂಬಂಧ ಬೇರೆ ಬಗೆಯದು. 4ನ್ನು ಐದು ರೀತಿಯಲ್ಲಿ ವಿಭಜಿಸಬಹುದು: 4, 3+1, 2+2, 2+1+1, 1+1+1+1. ಇವುಗಳಿಗೆ ಸಂಬಂಧಿಸಿದ ಸ್ಟಾಂಡರ್ಡ್ ಯಂಗ್ ಕೋಷ್ಟಕಗಳು (ವಿಭಜನೆಯ ಆಕಾರದ ಮನೆಗಳಲ್ಲಿ 1ರಿಂದ 4ರವರೆಗಿನ ಸಂಖ್ಯೆಗಳನ್ನು ಅಡ್ಡಸಾಲು, ಕಂಬಸಾಲುಗಳೆರಡರಲ್ಲೂ ಏರುವಂತೆ ತುಂಬಿದವು) ಕ್ರಮವಾಗಿ 1, 3, 2, 3, 1. ನಾಲ್ಕು ವಸ್ತುಗಳ ಸಿಮೆಟ್ರಿಕ್ ಗ್ರೂಪಿನ ಇರ್ರಿಡ್ಯೂಸಿಬಲ್ ರೆಪ್ರೆಸೆಂಟೇಷನ್‌ಗಳ ಆಯಾಮಗಳೂ ಇವೇ. ವರ್ಗಗಳ ಮೊತ್ತ 1+9+4+9+1=24; ನಾಲ್ಕು ವಸ್ತುಗಳ ಕ್ರಮಯೋಜನೆಗಳ ಸಂಖ್ಯೆಯೂ 24. ಬೀಜಗಣಿತದ ಕಡೆಯಿಂದ ಇದು ಗ್ರೂಪ್ ಸಿದ್ಧಾಂತದ ಸಾಮಾನ್ಯ ಪ್ರಮೇಯದ ಒಂದು ನಿದರ್ಶನ. ಎಣಿಕೆಯ ಕಡೆಯಿಂದ, ಪ್ರತಿ ಕ್ರಮಯೋಜನೆಗೂ ಒಂದೇ ಆಕಾರದ ಎರಡು ಕೋಷ್ಟಕಗಳ ಜೋಡಿಯನ್ನು ಹೊಂದಿಸುವ ವಿಧಾನ (ರಾಬಿನ್ಸನ್ 1938, ಶೆನ್‌ಸ್ಟೆಡ್ 1961) ಅದನ್ನೇ ನೇರವಾಗಿ ತೋರಿಸುತ್ತದೆ.

ಗ್ರೂಪಿನ ಕಲ್ಪನೆಯಿಲ್ಲದ 218ನೇ ಶ್ಲೋಕದಿಂದ ಇಲ್ಲಿಗೆ ವಂಶಾವಳಿ ಎಳೆಯಲು ಆಧಾರ ಸಾಲದು. ಭಾರತದೊಳಗಿನ ದಾಖಲಿತ ಕೊಂಡಿ ಬಹಳ ಈಚಿನದು: 1970ರ ದಶಕದಿಂದ ಸಿ. ಎಸ್. ಶೇಷಾದ್ರಿ, ವಿ. ಲಕ್ಷ್ಮೀಬಾಯಿ ಮತ್ತು ಸಿ. ಮುಸಿಲಿ ಬೆಳೆಸಿದ ಸ್ಟಾಂಡರ್ಡ್ ಮಾನೋಮಿಯಲ್ ಸಿದ್ಧಾಂತ. ಪೀಟರ್ ಲಿಟಲ್‌ಮನ್‌ರ ಪಾಥ್ ಮಾದರಿ (1994) ಇದಕ್ಕೆ ನಿಕಟವಾಗಿ ಸಂಬಂಧಿಸಿದೆ.